ಮಗು ಹುಟ್ಟುವ ಮುಂಚೆ ಜರ್ಮನಿಯ ಪಿಆರ್ (ಕಾಯಂ ವಾಸದ ಪರವಾನಗಿ) ಮಾಡಿಸಿಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು. 2020ರ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಓದಲು ಜರ್ಮನಿಗೆ ಬಂದೆ. 2024ರ ಮೇ ತಿಂಗಳಲ್ಲಿ ಕೆಲಸ, ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಎರಡೂ ಸಿಕ್ಕವು. ಈಗ 2025ರ ಡಿಸೆಂಬರ್, ಅಂದರೆ 19 ತಿಂಗಳಾಯಿತು. ಹೆಂಡತಿ ಬಂದು ಒಂದು ವರ್ಷ. ಅವಳಿಗೆ ಈಗ ಐದು ತಿಂಗಳು. ನನ್ನ ಜರ್ಮನ್ ಎ2 ಮುಗಿದಿದೆ (ಭಾಷೆಯ ಮಟ್ಟ ಎ1, ಎ2, ಬಿ1 ಹೀಗೆ ಏರುತ್ತದೆ). ಬ್ಲೂ ಕಾರ್ಡ್ ಇದ್ದವರಿಗೆ ಎ1 ಮಟ್ಟದ ಭಾಷೆ ಸಾಕು, 27 ತಿಂಗಳಿಗೆ ಪಿಆರ್ ಸಿಗುತ್ತದೆ, ಬಿ1 ಇದ್ದರೆ 21ಕ್ಕೇ ಸಿಗುತ್ತದೆ ಅನ್ನುತ್ತಾರೆ. ಆಫೀಸಿನಲ್ಲಿ ಕೆಲಸ ತುಂಬಾ ಜಾಸ್ತಿ. ಆರು ತಿಂಗಳ ಲಾಭಕ್ಕೆ ಬಿ1 ಓದಬೇಕಾ, ಸುಮ್ನೆ ಕಾಯಲಾ? ಇನ್ನೊಂದು ವಿಷಯ. ಊರಲ್ಲಿ ಅಪ್ಪನಿಗೆ ಆರೋಗ್ಯ ಸರಿಯಿಲ್ಲ. ಪಿಆರ್ ಬಂದ ಮೇಲೆ ಕೆಲವು ತಿಂಗಳು ಹೋಗಿ ಅವರ ಜೊತೆ ಇದ್ದರೆ ಕಾರ್ಡಿಗೆ ತೊಂದರೆ ಆಗುತ್ತದಾ?

*

ಒಂಬತ್ತು ತಿಂಗಳ ಮಗಳ ಅಪ್ಪ

ಕಾಯಬೇಡಿ. ಹೆಂಡತಿಗೆ ಐದು ತಿಂಗಳು ಅಂದಿರಲ್ಲ, ಅದನ್ನು ಓದಿದ ಕೂಡಲೇ ಬರೆಯಲು ಕೂತೆ.

ಇಲ್ಲಿ ಹುಟ್ಟುವ ಮಗುವಿಗೆ ಹುಟ್ಟಿನಿಂದಲೇ ಜರ್ಮನ್ ಪೌರತ್ವ ಸಿಗಬೇಕಾದರೆ ಎರಡು ಸಂಗತಿ ಕೂಡಿ ಬರಬೇಕು. ಅಪ್ಪ ಅಮ್ಮನಲ್ಲಿ ಒಬ್ಬರು ಕಾನೂನು ಪ್ರಕಾರ 5 ವರ್ಷ ಇಲ್ಲಿ ವಾಸ ಮಾಡಿರಬೇಕು. ಮಗು ಹುಟ್ಟುವ ದಿನ ಅವರ ಹತ್ತಿರವೇ ಪಿಆರ್ ಇರಬೇಕು. ಮೊದಲು ಇದು 8 ವರ್ಷ ಇತ್ತು. 2024ರ ಜೂನ್ 27ರಿಂದ 5 ಆಯಿತು. ಓದುವಾಗ ಕಳೆದ ವರ್ಷಗಳೂ ಇದಕ್ಕೆ ಲೆಕ್ಕ. ಹಾಗಾಗಿ ನಿಮ್ಮ 5 ವರ್ಷ ಅಕ್ಟೋಬರ್‌ನಲ್ಲೇ ತುಂಬಿದೆ, ಉಳಿದಿರುವುದು ಪಿಆರ್ ಒಂದೇ. ನಿಮ್ಮ 21 ತಿಂಗಳು ಫೆಬ್ರವರಿಗೆ ತುಂಬುತ್ತದೆ. ಹೆರಿಗೆ ಏಪ್ರಿಲ್ ಹೊತ್ತಿಗೆ ಇರಬೇಕು, ಅಲ್ವಾ? 27ರವರೆಗೆ ಕಾದರೆ ಆಗಸ್ಟ್ ಆಗುತ್ತದೆ. ಅಷ್ಟರಲ್ಲಿ ಮಗು ಮಗ್ಗುಲಾಗುತ್ತಿರುತ್ತದೆ.

ನಮಗೆ ಇದು 19 ದಿನದಲ್ಲಿ ತಪ್ಪಿತು. ಬಿ1 ಇತ್ತು, ತಿಂಗಳುಗಳು ತುಂಬಿದ್ದವು, ಅರ್ಜಿಯನ್ನೂ ಬೇಗ ಕಳಿಸಿದ್ದೆ. ನಮ್ಮ ಊರಿನ ವಿದೇಶಿಯರ ಕಚೇರಿಯಿಂದ ನಾಲ್ಕು ತಿಂಗಳು ಉತ್ತರವೇ ಇಲ್ಲ. ಆಮೇಲೆ ಒಂದೊಂದೇ ಕಾಗದ ಕೇಳಲು ಶುರು ಮಾಡಿದರು. ಒಂದು ಸಲ ಮನೆ ಬಾಡಿಗೆ ಕರಾರು, ಮೂರು ವಾರ ಬಿಟ್ಟು ಕಂಪನಿಯ ಪತ್ರ, ಮತ್ತೆ ಎರಡು ವಾರ ಬಿಟ್ಟು ಹೊಸ ಸಂಬಳ ಚೀಟಿ. ಮಾರ್ಚ್‌ನಲ್ಲಿ ಮಗಳು ಹುಟ್ಟಿದಳು, 19 ದಿನಕ್ಕೆ ಪಿಆರ್ ಬಂತು. ಅವಳಿಗೆ ಇಂಡಿಯನ್ ಪಾಸ್‌ಪೋರ್ಟ್ ಮಾಡಿಸಿದೆವು, ಅದಕ್ಕೆ ಇಲ್ಲಿನ ವಾಸದ ಪರವಾನಗಿ ಬೇರೆ. ಮಗು ಚೆನ್ನಾಗಿದೆ, ಅದೇ ದೊಡ್ಡದು. ಆದರೂ ಆ 19 ದಿನ ಮನಸ್ಸಿನಿಂದ ಹೋಗುವುದಿಲ್ಲ. ಯಾಕೆಂದರೆ ಅರ್ಜಿಯಲ್ಲಿ ಹೆರಿಗೆಯ ತಾರೀಖನ್ನು ನಾನು ಎಲ್ಲೂ ಬರೆದಿರಲಿಲ್ಲ. ಅದು ಅವರಿಗೆ ಯಾಕೆ ಬೇಕು ಅಂದುಕೊಂಡಿದ್ದೆ.

ನೀವು ಹಾಗೆ ಮಾಡಬೇಡಿ. ಗರ್ಭಿಣಿಯರಿಗೆ ಡಾಕ್ಟರ್ ಕೊಡುವ ಮುಟ್ಟರ್‌ಪಾಸ್ ಇದೆಯಲ್ಲ, ಅದರಲ್ಲಿ ಹೆರಿಗೆ ದಿನಾಂಕ ಇರುವ ಪುಟದ ಪ್ರತಿ ಹಾಕಿ. ಮಗುವಿನ ಪೌರತ್ವ ಈ ಅರ್ಜಿಯ ಮೇಲೆ ನಿಂತಿದೆ, ದಯವಿಟ್ಟು ಬೇಗ ನೋಡಿ ಅಂತ ನಾಲ್ಕು ಸಾಲು ಬರೆಯಿರಿ. ನನ್ನ ಸಹೋದ್ಯೋಗಿಯೊಬ್ಬರು ಬೇರೆ ಊರಿನಲ್ಲಿ ಹೀಗೇ ಮಾಡಿದರು. ಅವರನ್ನು ಎರಡು ವಾರದಲ್ಲಿ ಕರೆದರು. ಎಲ್ಲಾ ಕಡೆ ಹೀಗೇ ಆಗುತ್ತದೆ ಅಂತ ಹೇಳಲಾರೆ, ಆದರೆ ಕೇಳದೆ ಇರಬೇಡಿ. ಮೂರು ತಿಂಗಳಾದರೂ ಕಚೇರಿ ತೀರ್ಮಾನ ಮಾಡದಿದ್ದರೆ ಕೋರ್ಟಿಗೆ ಹೋಗುವ ದಾರಿಯೂ ಇದೆ. ನಿಮ್ಮ ಹತ್ತಿರ ಅಷ್ಟು ಸಮಯ ಇಲ್ಲ.

ಗಂಡ ಹೆಂಡತಿ ಕೂತು ಮಾತಾಡಬೇಕಾದದ್ದು ಒಂದಿದೆ. 5 ವರ್ಷ, ಪಿಆರ್ ಎರಡೂ ಕೂಡಿಬಂದರೆ ಜರ್ಮನ್ ಪೌರತ್ವ ತಾನಾಗಿಯೇ ಬರುತ್ತದೆ. ಎರಡು ದೇಶದ ಪಾಸ್‌ಪೋರ್ಟ್ ಇಟ್ಟುಕೊಳ್ಳಲು ನಮ್ಮ ಭಾರತ ಬಿಡುವುದಿಲ್ಲ. ಮಗುವಿಗೆ ಆಗ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಮಾಡಿಸಬೇಕಾಗುತ್ತದೆ. ಅಜ್ಜ ಅಜ್ಜಿಗೆ ಇದನ್ನು ಮೊದಲೇ ತಿಳಿಸಿ ಹೇಳಿದರೆ ಒಳ್ಳೆಯದು.

*

ಎರಡನೇ ಸಲಕ್ಕೆ ಬಿ1 ಪಾಸಾದವಳು

ಎ2 ಮುಗಿದಿದ್ದರೆ ಬಿ1 ದೂರ ಇಲ್ಲ. ಆದರೆ ಓದುವುದಕ್ಕಿಂತ ಮುಂಚೆ ಇವತ್ತೇ ಪರೀಕ್ಷೆಗೆ ಸೀಟು ಹಿಡಿಯಿರಿ. ಸೀಟು ಬೇಗ ತುಂಬುತ್ತವೆ, ಫಲಿತಾಂಶಕ್ಕೂ ಕಾಯಬೇಕು. ನನ್ನ ಸರ್ಟಿಫಿಕೇಟ್ ಮನೆಗೆ ಬಂದದ್ದು ಐದು ವಾರಕ್ಕೆ.

ಗೋಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಪ್ರತಿಯೊಂದರಲ್ಲೂ 100ಕ್ಕೆ 60 ಬರಬೇಕು. ಒಂದು ಭಾಗ ಹೋದರೆ ಅದನ್ನು ಮಾತ್ರ ಮತ್ತೆ ಬರೆಯಬಹುದು. ನನಗೆ ಕೇಳುವುದು ಹೋಗಿತ್ತು. ಆಮೇಲೆ ಒಂದು ತಿಂಗಳು ದಿನಾ ಟ್ರಾಮ್‌ನಲ್ಲಿ ರೇಡಿಯೋ ಸುದ್ದಿ ಕೇಳಿದೆ, ಎರಡನೇ ಸಲ 78 ಬಂತು. ಬರೆಯುವ ಭಾಗಕ್ಕೆ ಹೆದರಬೇಡಿ. ‘ವೈಲ್’ (ಯಾಕೆಂದರೆ), ‘ದಾಸ್’ (ಅಂತ) ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಕ್ರಮದಲ್ಲಿ ಯೋಚಿಸುವವರು ಇಲ್ಲೇ ಎಡವುತ್ತಾರೆ. ನಾವು ಕನ್ನಡದಲ್ಲಿ ಹುಟ್ಟಿದಾಗಿನಿಂದ ಮಾಡುವುದೇ ಅದು. ಅಲ್ಲಿ ಕನ್ನಡದಲ್ಲೇ ಯೋಚಿಸಿ.

ಇದರ ಜೊತೆಗೆ ಇಲ್ಲಿನ ಕಾನೂನು, ಸಮಾಜದ ಬಗ್ಗೆ ಕೇಳುವ ‘ಲೇಬನ್ ಇನ್ ಡಾಯ್ಚ್‌ಲಾಂಡ್’ (ಜರ್ಮನಿಯಲ್ಲಿ ಬದುಕು) ಪರೀಕ್ಷೆಯನ್ನು ಮರೆಯಬೇಡಿ. ಎಷ್ಟೋ ಜನ ಭಾಷೆಯ ಯೋಚನೆಯಲ್ಲಿ ಇದನ್ನು ಕೊನೆಗೆ ಬಿಟ್ಟು ಸಿಕ್ಕಿಹಾಕಿಕೊಳ್ಳುತ್ತಾರೆ. 33 ಪ್ರಶ್ನೆ, ಒಂದು ಗಂಟೆ, 25 ಯೂರೋ. ಪಿಆರ್‌ಗೆ 15 ಸರಿ ಬಂದರೆ ಸಾಕು. 17 ತೆಗೆದರೆ ಮುಂದೆ ಪೌರತ್ವಕ್ಕೂ ಅದೇ ಆಗುತ್ತದೆ. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿವೆ. 300 ಎಲ್ಲರಿಗೂ, 10 ನಿಮ್ಮ ರಾಜ್ಯದ್ದು. ನಾಲ್ಕು ಸಂಜೆ ಕೂತರೆ ಮುಗಿಯುತ್ತದೆ. ಇದರ ಫಲಿತಾಂಶ ನನಗೆ ಏಳು ವಾರ ತೆಗೆದುಕೊಂಡಿತು, ಅದಕ್ಕೇ ಹೇಳುತ್ತಿರುವುದು.

*

ಪೆನ್ಷನ್ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದವನು

ಒಂದೇ ಮಾತು. 21 ತಿಂಗಳು ಅಂದರೆ ಪೆನ್ಷನ್ ವಿಮೆಗೆ ದುಡ್ಡು ಕಟ್ಟಿದ 21 ತಿಂಗಳು ಕೂಡ. ಪೆನ್ಷನ್ ಇಲಾಖೆಯಿಂದ ‘ಫೆರ್‌ಸಿಶರುಂಗ್ಸ್‌ಫೆರ್‌ಲೌಫ್’ ಅನ್ನುವ ಲೆಕ್ಕಪಟ್ಟಿ ಉಚಿತವಾಗಿ ತರಿಸಿಕೊಳ್ಳಬಹುದು. ಈಗಲೇ ಕೇಳಿ. ನನ್ನ ಪಟ್ಟಿಯಲ್ಲಿ ಅರ್ಜಿ ಹಾಕಿದ ವರ್ಷದ ತಿಂಗಳುಗಳೇ ಇರಲಿಲ್ಲ. ಕಂಪನಿಗಳು ಸಾಮಾನ್ಯವಾಗಿ ವರ್ಷ ಮುಗಿದ ಮೇಲೆ ಲೆಕ್ಕ ಕಳಿಸುತ್ತವೆ. ಆ ತಿಂಗಳುಗಳಿಗೆ ಸಂಬಳ ಚೀಟಿ ಜೋಡಿಸಿದೆ, ಒಪ್ಪಿಕೊಂಡರು. ಅರ್ಜಿ ಶುಲ್ಕ 113 ಯೂರೋ.

*

ಹೆಂಡತಿಯ ಕಡೆಯಿಂದ ಬರೆಯುತ್ತಿರುವವಳು, ಮೈಸೂರಿನವಳು

ಎಲ್ಲರೂ ನಿಮ್ಮ ಪಿಆರ್ ಬಗ್ಗೆ ಹೇಳಿದರು. ನಿಮ್ಮ ಹೆಂಡತಿಯದು?

ಬ್ಲೂ ಕಾರ್ಡ್ ಇದ್ದವರ ಹೆಂಡತಿಗೆ ವೀಸಾಕ್ಕೆ ಎ1 ಬೇಕಿಲ್ಲ. ಇದು ಅನುಕೂಲ ಅನ್ನಿಸುತ್ತದೆ. ನಾನೂ ಹಾಗೇ ಬಂದೆ. ಗಂಡನಿಗೆ ಬೇಗ ಪಿಆರ್ ಬಂತು. ನನಗೆ ಎರಡು ಮಕ್ಕಳಾದವು. ಆರು ವರ್ಷ ಕಳೆದರೂ ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟೇ ಜರ್ಮನ್. ಮಗಳನ್ನು ತುರ್ತಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದ ರಾತ್ರಿ ಗಂಡ ಬೇರೆ ಊರಿನಲ್ಲಿದ್ದರು. ನರ್ಸ್ ಕೇಳಿದ್ದು ಅರ್ಥವಾಗಲಿಲ್ಲ. ಮಾರನೇ ವಾರ ಕ್ಲಾಸಿಗೆ ಸೇರಿದೆ.

ಹೆಂಡತಿಗೂ ಪಿಆರ್‌ಗೆ ಎರಡು ದಾರಿ ಇದೆ. ನಿಮಗೆ ಈ ಕೆಲಸದ ಮೇಲೆ ಪಿಆರ್ ಬಂದರೆ, ಅವರು 3 ವರ್ಷ ಇಲ್ಲಿದ್ದು, ವಾರಕ್ಕೆ ಕನಿಷ್ಠ 20 ಗಂಟೆ ಕೆಲಸ ಮಾಡುತ್ತಿದ್ದರೆ, ಬಿ1 ಇದ್ದರೆ, ಅರ್ಜಿ ಹಾಕಬಹುದು. ಮಗು ಚಿಕ್ಕದು, ಕೆಲಸಕ್ಕೆ ಹೋಗಲು ಆಗಲಿಲ್ಲ ಅಂದರೆ 5 ವರ್ಷದ ದಾರಿ. ಅದಕ್ಕೆ 60 ತಿಂಗಳ ಪೆನ್ಷನ್ ಬೇಕು ಅಂತ ಕೇಳಿ ಎಷ್ಟೋ ಹೆಣ್ಣುಮಕ್ಕಳು ಆಸೆ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಗಂಡ ಹೆಂಡತಿ ಒಟ್ಟಿಗೆ ಇದ್ದರೆ ಒಬ್ಬರು ಕಟ್ಟಿದ ಪೆನ್ಷನ್ ಇಬ್ಬರಿಗೂ ಸಾಕು. ಇದು ಕಾನೂನಿನಲ್ಲೇ ಇದೆ. ಬಿ1 ಮತ್ತು ಆ 33 ಪ್ರಶ್ನೆಯ ಪರೀಕ್ಷೆ ಮಾತ್ರ ಅವರದೇ ಆಗಬೇಕು. ನನ್ನ ಕಾರ್ಡ್ ಬಂದ ದಿನ ಅದು ಗಂಡನ ಕೆಲಸಕ್ಕೆ ಜೋತುಬಿದ್ದಿಲ್ಲ ಅನ್ನಿಸಿ ಕಣ್ಣು ತುಂಬಿ ಬಂತು.

ಹೆರಿಗೆ ಆದ ಮೇಲೆ ಒಂದು ವರ್ಷ ಕ್ಲಾಸು ಕಷ್ಟ. ಈಗಲೇ ಎ1 ಶುರು ಮಾಡಿಸಿ. ಫೋಲ್ಕ್ಸ್‌ಹೋಖ್‌ಶೂಲೆ ಅನ್ನುವ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಬೆಳಗಿನ ಕ್ಲಾಸು ಸಿಗುತ್ತದೆ.

ಇನ್ನೊಂದು. ಮಗುವಿನ ಜನನ ನೋಂದಣಿಗೆ ನಿಮ್ಮಿಬ್ಬರ ಜನನ ಪತ್ರ, ಮದುವೆ ಸರ್ಟಿಫಿಕೇಟ್ ಕೇಳುತ್ತಾರೆ, ಪ್ರಮಾಣಿತ ಅನುವಾದಕರಿಂದ ಜರ್ಮನ್ ಅನುವಾದವೂ ಬೇಕು. ಹೆಸರು ಒಂದೇ ಥರ ಇದೆಯಾ ನೋಡಿ. ನನ್ನ ಮದುವೆ ಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮಲ್ಲಿ ಇದು ಮಾಮೂಲು, ಇಲ್ಲಿಯವರಿಗೆ ಇಬ್ಬರು ಬೇರೆ ಬೇರೆ ಹೆಂಗಸರು. ಊರಿನಿಂದ ತಿದ್ದಿಸಿ ತರಿಸಲು ಎರಡು ತಿಂಗಳು ಹಿಡಿಯಿತು.

*

ಅಮ್ಮನಿಗಾಗಿ ಶಿವಮೊಗ್ಗಕ್ಕೆ ಹೋಗಿ ಬಂದವನು

ಅಪ್ಪನ ವಿಷಯಕ್ಕೆ ಬರುತ್ತೇನೆ. ಪಿಆರ್‌ಗೆ ಕೊನೆ ದಿನಾಂಕ ಇಲ್ಲ ಅಂದರೆ ಎಷ್ಟು ದಿನ ಬೇಕಾದರೂ ಹೊರಗಿರಬಹುದು ಅಂತ ಅಲ್ಲ. 6 ತಿಂಗಳ ಒಳಗೆ ವಾಪಸ್ ಬರದಿದ್ದರೆ ಅದು ರದ್ದಾಗುತ್ತದೆ. ಜಾಸ್ತಿ ದಿನ ಬೇಕು ಅಂತ ಗೊತ್ತಿದ್ದರೆ ಹೊರಡುವ ಮುಂಚೆಯೇ ಕಚೇರಿಗೆ ಬರೆದು, ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯಬೇಕು. ನನ್ನ ಅಮ್ಮನಿಗೆ ಸ್ಟ್ರೋಕ್ ಆದಾಗ ಆಸ್ಪತ್ರೆಯ ಪತ್ರ ಇಟ್ಟು 9 ತಿಂಗಳು ಕೇಳಿದೆ, ಕೊಟ್ಟರು. ಬಾಡಿಗೆ ಮನೆಯನ್ನು ಮಾತ್ರ ಬಿಡಲಿಲ್ಲ. ಮನೆ ಖಾಲಿ ಮಾಡಿ, ಇಲ್ಲಿನ ವಿಳಾಸದ ನೋಂದಣಿ ತೆಗೆಸಿ, ಕೆಲಸವನ್ನೂ ಬಿಟ್ಟು ಹೋದರೆ, ಇವರು ಕಾಯಂ ಆಗಿ ಹೋದರು ಅಂತ ನೋಡುತ್ತಾರೆ. ಆಗ 6 ತಿಂಗಳ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ. ಬಾಡಿಗೆ ಕಟ್ಟುವುದು ಹೊಟ್ಟೆ ಉರಿಸುತ್ತದೆ, ಆದರೂ ಕಟ್ಟಿ.

ನಿಮಗೆ ಇನ್ನೊಂದು ದಾರಿಯೂ ಇದೆ. ಕುಶಲ ಕೆಲಸಗಾರನ ಪರವಾನಗಿಯೋ ಬ್ಲೂ ಕಾರ್ಡೋ ಮೊದಲ ಸಲ 2024ರ ಮಾರ್ಚ್ 1 ಅಥವಾ ಅದರ ನಂತರ ಸಿಕ್ಕವರು ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳಬಹುದು. ನಿಮ್ಮದು ಮೇ ತಿಂಗಳು. ನನ್ನದು ಅದಕ್ಕಿಂತ ಹಳೆಯದು, ಹಾಗಾಗಿ ನನಗೆ ಆ ಅವಕಾಶ ಇರಲಿಲ್ಲ. ಕಷ್ಟ ಬರುವುದು ಆರೋಗ್ಯ ವಿಮೆಯಲ್ಲಿ. ಪ್ರವಾಸಿ ವಿಮೆ ನಡೆಯುವುದಿಲ್ಲ, ವಯಸ್ಸಾದವರಿಗೆ ಖಾಸಗಿ ವಿಮೆ ದುಬಾರಿ, ಕಾಯಿಲೆ ಇದ್ದರೆ ಇನ್ನೂ ಕಷ್ಟ. ಅಪ್ಪನ ವಯಸ್ಸು, ಕಾಯಿಲೆಯ ವಿವರ ಕೊಟ್ಟು ಮೂರು ನಾಲ್ಕು ಕಡೆ ದರ ಕೇಳಿ. ಅದು ಕೈಗೆ ಬಂದ ಮೇಲೆ ಊರಿಗೆ ಫೋನ್ ಮಾಡಿ. ಅಪ್ಪನಿಗೆ ಇಲ್ಲಿಗೆ ಬರಲು ಮನಸ್ಸಿದೆಯಾ ಅಂತ ಅವರನ್ನೇ ಕೇಳಿ.