ಅಟ್ಟದೊಳಗೆ 40 ಮೀಟರ್ ಡೈಪೋಲ್: ಮಂಗಗಳಿಂದ ತಪ್ಪಿಸಿಕೊಳ್ಳಲು ಇದೊಂದೇ ದಾರಿಯೇ?

ಹೆಂಚಿನಮನೆ:

ನಮ್ಮದು ಸಾಗರದ ಕಡೆಯ ಹಳ್ಳಿ, ಅಡಿಕೆ ತೋಟದ ನಡುವಿನ ಮನೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಕೈಗೆ ಬಂದು ಎರಡು ವರ್ಷವಾಯಿತು. ಈ ಎರಡು ವರ್ಷಗಳಲ್ಲಿ ರೇಡಿಯೊದಲ್ಲಿ ಮಾತನಾಡಿದ್ದಕ್ಕಿಂತ ತಂತಿ ಕಟ್ಟಿದ್ದೇ ಹೆಚ್ಚು. ಮನೆಯ ಮುಂದಿನ ಹಲಸಿನ ಮರಕ್ಕೂ ಹಿಂದಿನ ತೆಂಗಿಗೂ ಡೈಪೋಲ್, ಅಂದರೆ ನಡುವಿನಲ್ಲಿ ಕೇಬಲ್ ಸೇರುವ ಎರಡು ಕೈಗಳ ತಂತಿ ಆ್ಯಂಟೆನಾ, ಎಳೆದೆ. ಎಂಟನೆಯ ದಿನ ಮಂಗಗಳ ಹಿಂಡು ಬಂದು ಅದನ್ನು ಉಯ್ಯಾಲೆ ಮಾಡಿಕೊಂಡಿತು. ದಪ್ಪ ತಂತಿ ತಂದು ಮತ್ತೆ ಕಟ್ಟಿದೆ. ಈ ಸಲ ತಂತಿಗೂ ಕೇಬಲ್ಲಿಗೂ ಹೊಂದಿಕೆ ಮಾಡುವ ನಡುವಿನ ಬಾಲನ್ ಪೆಟ್ಟಿಗೆಯನ್ನೇ ಕಿತ್ತು ಕೊಟ್ಟಿಗೆಯ ಮೇಲೆ ಎಸೆದು ಹೋದವು. ಮೂರನೆಯ ಸಲ ಮಂಗಗಳ ತಪ್ಪಿಲ್ಲ, ಸೋಗೆ ಬಿದ್ದು ತುಂಡಾಯಿತು.

ಈಗ ಅಟ್ಟದ ಮೇಲೆ ಕಣ್ಣು ಬಿದ್ದಿದೆ. ಮಂಗಳೂರು ಹೆಂಚು, ಮರದ ಪಕಾಸಿ, ರೀಪು. ಮಾಡಿನ ನೆತ್ತಿ ಉದ್ದಕ್ಕೆ 38 ಅಡಿ, ಮನೆ ಅಗಲಕ್ಕೆ 28 ಅಡಿ. ನೆತ್ತಿ ನೆಲದಿಂದ ಸುಮಾರು 7 ಮೀಟರ್ ಎತ್ತರದಲ್ಲಿದೆ. ಅಡಿಗೆಮನೆಯ ಮೇಲೆ ಮಾತ್ರ ಹೆಂಚು ತೆಗೆದು ಜಿಂಕ್ ಶೀಟು ಹೊದೆಸಿದ್ದೇವೆ. ಅಟ್ಟದಲ್ಲಿ ಇರುವುದೆಲ್ಲ ಉಪ್ಪಿನಕಾಯಿ ಭರಣಿ, ತಾಮ್ರದ ಹಂಡೆಗಳು ಮತ್ತು ಇಲಿಗಳು.

ಮೊನ್ನೆ ಅಳತೆ ತೆಗೆಯಲು ಹತ್ತಿದಾಗ ಒಂದು ಮೂಲೆಯಲ್ಲಿ ಅಪ್ಪನ ಕಾಲದ ಜಾಲರಿ ಏರಿಯಲ್ ಸಿಕ್ಕಿತು. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಕೇಳುತ್ತಿದ್ದ ವಾಲ್ವ್ ರೇಡಿಯೊದ್ದು. ಜಗಲಿಯ ಎರಡು ಗೋಡೆಗಳ ನಡುವೆ ರಿಬ್ಬನ್ನಿನಂತೆ ಕಟ್ಟಿರುತ್ತಿತ್ತು. ಅದರಲ್ಲೇ ಭದ್ರಾವತಿಯೂ ಬರುತ್ತಿತ್ತು, ರಾತ್ರಿಯಾದರೆ ಸಿಲೋನೂ ಬರುತ್ತಿತ್ತು. ಮನೆಯೊಳಗಿನ ಏರಿಯಲ್ಲಿಗೆ ಅಷ್ಟು ಸಾಧ್ಯವಾಗಿದ್ದರೆ ನನ್ನದೇನು ಮಹಾ ಎಂಬ ಧೈರ್ಯ ಬಂದಿದೆ.

ಕೇಳಬೇಕಾದದ್ದು ಇಷ್ಟು. 40 ಮೀಟರ್ ತರಂಗಕ್ಕೆ ಅದರ ಅರ್ಧ, ಅಂದರೆ 20 ಮೀಟರ್ ಉದ್ದದ ತಂತಿ ಬೇಕು; ಅದು 11 ಮೀಟರ್ ಅಟ್ಟದಲ್ಲಿ ಹಿಡಿಯುವುದು ಹೇಗೆ? ಮಳೆಗಾಲದಲ್ಲಿ ಹೆಂಚು ನೆನೆದು ಪಾಚಿ ಕಟ್ಟಿದರೆ ಸಿಗ್ನಲ್ ಹೊರಗೆ ಹೋಗುತ್ತದೆಯೇ? ಕೆಳಗೆ ಮಲಗುವವರಿಗೆ ತೊಂದರೆಯೇನಾದರೂ ಉಂಟೇ? ಕೊನೆಯದು ನನ್ನ ಹೆಂಡತಿಯ ಪ್ರಶ್ನೆ. ಉತ್ತರ ಸಮಾಧಾನಕರವಾಗಿರದಿದ್ದರೆ ಏಣಿ ಸಿಗುವುದಿಲ್ಲ.

ಕಡಲ ತೀರದವನು, ಮಂಗಳೂರು:

ಹೆಂಚಿನಮನೆಯವರೇ, ಮೊದಲು ಅಳತೆ. ಅರ್ಧ ತರಂಗದ ತಂತಿಯ ಸೂತ್ರದ ಅಂಕಿ 143ನ್ನು 40 ಮೀಟರ್ ಬ್ಯಾಂಡಿನ 7.1 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ 20.14 ಮೀಟರ್, ಒಂದು ಕೈಗೆ 10 ಮೀಟರ್ ಚಿಲ್ಲರೆ. ನೆತ್ತಿಯ ಉದ್ದಕ್ಕೂ ಒಂದೊಂದು ಕೈಯನ್ನು ಐದೂವರೆ ಮೀಟರ್ ನೇರವಾಗಿ ಎಳೆಯಿರಿ. ಉಳಿದ ನಾಲ್ಕೂವರೆ ಮೀಟರನ್ನು ಮಾಡಿನ ಇಳಿಜಾರಿನಗುಂಟ ಸೂರಿನ ಕಡೆಗೆ ಇಳಿಸಿ. ಒಂದು ತುದಿ ಮೂಡಣ ಸೂರಿಗೆ ಇಳಿದರೆ ಇನ್ನೊಂದು ಪಡುವಣಕ್ಕೆ ಇಳಿಯಲಿ. ಡೈಪೋಲಿನಲ್ಲಿ ವಿದ್ಯುತ್ ಪ್ರವಾಹ ಹೆಚ್ಚಿರುವುದು ನಡುವಿನಲ್ಲಿ, ವಿಕಿರಣದ ಹೆಚ್ಚು ಪಾಲು ಅಲ್ಲಿಂದಲೇ. ತುದಿ ಮಡಚಿದರೆ ನಷ್ಟ ಕಡಿಮೆ.

ಪ್ಲಾಸ್ಟಿಕ್ ಹೊದಿಕೆಯ ಮನೆ ವೈರಿಂಗ್ ತಂತಿಯಾದರೆ ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡವೇ ಸಾಕಾಗಬಹುದು. ಆದರೂ 30 ಸೆಂಟಿಮೀಟರ್ ಹೆಚ್ಚು ಬಿಟ್ಟು ಕಟ್ಟಿ, ಅಳೆದು, ತುದಿಯನ್ನು ಹಿಂದಕ್ಕೆ ಮಡಚುತ್ತಾ ಬನ್ನಿ. ಕತ್ತರಿ ಕೊನೆಗೆ.

ಒಣ ಹೆಂಚು ಈ ಬ್ಯಾಂಡಿನಲ್ಲಿ ಲೆಕ್ಕಕ್ಕೇ ಇಲ್ಲ. ನೆನೆದರೆ ಆ್ಯಂಟೆನಾದ ಆವರ್ತನ ಸ್ವಲ್ಪ ಕೆಳಕ್ಕೆ ಜಾರುತ್ತದೆ, ಅಷ್ಟೇ. ಆದ್ದರಿಂದ ಬೇಸಿಗೆಯಲ್ಲಿ ಬೇಕಾದದ್ದಕ್ಕಿಂತ ಒಂದಿಷ್ಟು ಮೇಲೆಯೇ ಹೊಂದಿಸಿಡಿ. ಹೆದರಬೇಕಾದದ್ದು ಜಿಂಕ್ ಶೀಟಿಗೆ. ಅಡಿಗೆಮನೆಯ ಕಡೆಗೆ ತಂತಿಯ ತುದಿ ಹೋಗದಂತೆ ನೋಡಿಕೊಳ್ಳಿ.

ನಿಮ್ಮ ಮನೆಯವರ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಸಾಧ್ಯವಾದರೆ ಮಲಗುವ ಕೋಣೆಯ ಮೇಲಲ್ಲ, ಜಗಲಿಯ ಮೇಲೆ ಕಟ್ಟಿ. 100 ವ್ಯಾಟ್ ಬೇಡ, 10 ಅಥವಾ 20ರಲ್ಲಿ ಮಾತನಾಡಿ. ತುದಿಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ಮುಟ್ಟಿದರೆ ಸುಡುತ್ತದೆ. ಪಕಾಸಿಗೆ ನೇರವಾಗಿ ಮೊಳೆ ಹೊಡೆಯದೆ ಪಿವಿಸಿ ಪೈಪಿನ ತುಂಡುಗಳಲ್ಲಿ ತೂರಿಸಿ. ಹಂಡೆಗಳನ್ನೂ ಕರೆಂಟ್ ವೈರನ್ನೂ ತುದಿಯಿಂದ ದೂರವಿಡಿ.

ದೂರದೂರು, ಡಲ್ಲಾಸ್:

ನನ್ನ ಊರೂ ತೀರ್ಥಹಳ್ಳಿಯ ಕಡೆಯದೇ, ಆದ್ದರಿಂದ ಮಂಗಗಳ ವಿಷಯದಲ್ಲಿ ಪೂರ್ಣ ಸಹಾನುಭೂತಿ ಇದೆ. ಇಲ್ಲಿ ಮಂಗಗಳಿಲ್ಲ, ಬಡಾವಣೆಯ ಮನೆಮಾಲೀಕರ ಸಂಘವಿದೆ. ಹೊರಗೆ ತಂತಿ ಕಂಡರೆ ಪತ್ರ ಬರುತ್ತದೆ. ಇಲ್ಲಿನ ಸರ್ಕಾರಿ ಸಂಪರ್ಕ ಆಯೋಗವಾದ ಎಫ್‌ಸಿಸಿಯ ನಿಯಮ ಟಿವಿ ಆ್ಯಂಟೆನಾಕ್ಕೂ ಚಿಕ್ಕ ಡಿಶ್‌ಗೂ ರಕ್ಷಣೆ ಕೊಡುತ್ತದೆ, ಹ್ಯಾಮ್ ತಂತಿಗೆ ಕೊಡುವುದಿಲ್ಲ. ಹಾಗಾಗಿ ನಾನೂ ಅಟ್ಟ ಸೇರಿದವನು.

ನಾನು ಮಾಡಿದ ತಪ್ಪು ಹೇಳುತ್ತೇನೆ. ಟೆಕ್ಸಾಸಿನ ಎಷ್ಟೋ ಮನೆಗಳಲ್ಲಿ ಬಿಸಿಲು ತಡೆಯಲು ಮಾಡಿನ ಒಳಮೈಗೆ ಅಲ್ಯುಮಿನಿಯಂ ಹಾಳೆ ಅಂಟಿಸಿರುತ್ತಾರೆ. ನನ್ನ ಹಿಂದಿನ ಮನೆಯಲ್ಲಿ ಅದನ್ನು ಗಮನಿಸದೆ ಎರಡು ಶನಿವಾರ ಬೆವರು ಸುರಿಸಿ ಡೈಪೋಲ್ ಕಟ್ಟಿದೆ. ತಗಡಿನ ಡಬ್ಬಿಯೊಳಗೆ ಕುಳಿತು ಕೂಗಿದಂತಾಯಿತು. ನಿಮ್ಮಲ್ಲಿಯೂ ಈಚೆಗೆ ಹೆಂಚಿನ ಕೆಳಗೆ ಸೋರದಂತೆ ಬೆಳ್ಳಿಬಣ್ಣದ ಹಾಳೆ ಹಾಕಿಸುತ್ತಾರಲ್ಲ, ಹಾಕಿಸಿದ್ದೀರಾ? ಹಾಕಿಸಿದ್ದರೆ ಅಟ್ಟದ ಆಸೆ ಬಿಡಿ.

ಇನ್ನೊಂದು ವಿಷಯ. ಮನೆಯೊಳಗೆ ಬಂದ ಆ್ಯಂಟೆನಾ ಮನೆಯ ಗಲಾಟೆಯನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಎಲ್ಲವೂ. ಬ್ಯಾಟರಿಯಲ್ಲಿ ರೇಡಿಯೊ ಹಚ್ಚಿ, ಮೇನ್ ಸ್ವಿಚ್ ಆರಿಸಿ, ಒಂದೊಂದಾಗಿ ಹಾಕುತ್ತಾ ಕೇಳಿ. ಕಳ್ಳ ಸಿಗುತ್ತಾನೆ.

ಗುಡುಗು:

ಎಲ್ಲರೂ ಸಿಡಿಲನ್ನು ಮರೆತಿದ್ದೀರಿ. ಏಪ್ರಿಲ್, ಮೇ ತಿಂಗಳ ಸಂಜೆ ಮಲೆನಾಡಿನಲ್ಲಿ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಹೆಂಚು ಸಿಡಿಲಿಗೆ ಕೊಡೆಯಲ್ಲ. ಹತ್ತಿರದ ತೆಂಗಿಗೆ ಬಡಿದರೂ ಅಟ್ಟದ ತಂತಿಯಲ್ಲಿ ರೇಡಿಯೊ ಸುಡುವಷ್ಟು ವೋಲ್ಟೇಜ್ ಹುಟ್ಟುತ್ತದೆ. ಮೋಡ ಕಟ್ಟುವ ಮೊದಲೇ ಕೇಬಲ್ ಕಳಚಿ ಜಗಲಿಯ ಹೊರಗೆ ಇಡಿ. ಹೊರಗೆ ಎತ್ತರದಲ್ಲಿ ಕಟ್ಟಿದ ತಂತಿಗೆ ಅಟ್ಟದ ತಂತಿ ಸಮವಲ್ಲ ಎಂಬುದು ನನ್ನ ಹಠ, ಆದರೆ ಮಂಗಗಳ ಜೊತೆ ನಾನು ವಾದ ಮಾಡುವುದಿಲ್ಲ.

ಹೆಂಚಿನಮನೆ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಬೆಳ್ಳಿ ಹಾಳೆ ನಮ್ಮಲ್ಲಿಲ್ಲ, ಪುಣ್ಯ. ಜಗಲಿಯ ಮೇಲೆಯೇ ಕಟ್ಟಿದೆ, 20 ವ್ಯಾಟಿಗೆ ಒಪ್ಪಿಕೊಂಡೆ, ಏಣಿ ಸಿಕ್ಕಿತು. ಐದು ಸಲ ಹತ್ತಿಳಿದ ಮೇಲೆ 7.1ರ ಹತ್ತಿರ ಎಸ್‌ಡಬ್ಲ್ಯುಆರ್ (ಆ್ಯಂಟೆನಾ ಎಷ್ಟು ಹೊಂದಿಕೊಂಡಿದೆ ಎಂಬ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) 1.4ಕ್ಕೆ ನಿಂತಿತು.

ಗಲಾಟೆಯ ಕಥೆ ಸ್ವಾರಸ್ಯವಾಗಿದೆ. ಹಚ್ಚಿದ ಕೂಡಲೇ ಸೆಕೆಂಡಿಗೊಮ್ಮೆ ಟಕ್, ಟಕ್ ಎಂದು ಗಡಿಯಾರದಂತೆ ಸದ್ದು. ಡಲ್ಲಾಸಿನವರು ಹೇಳಿದಂತೆ ಮೇನ್ ಆರಿಸಿದೆ, ನಿಲ್ಲಲಿಲ್ಲ. ಇನ್ವರ್ಟರ್ ಕಳಚಿದೆ, ನಿಲ್ಲಲಿಲ್ಲ. ಹೆಂಡತಿ ಜಗಲಿಯಿಂದ, "ಬೇಲಿ ಹೀಗೇ ಅಲ್ಲವೇ ಸದ್ದು ಮಾಡುವುದು?" ಎಂದಳು. ಹಂದಿಗೆಂದು ಹಾಕಿಸಿದ ಸೋಲಾರ್ ಬೇಲಿ! ತೋಟದ ಕೆಳಮೂಲೆಯಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿ ಕಿಡಿ ಹಾರುತ್ತಿತ್ತು. ಒಂದು ಬೆಳಿಗ್ಗೆ ಹುಲ್ಲು ಸವರಿದೆ. ಸದ್ದು ಮುಕ್ಕಾಲು ಪಾಲು ಹೋಯಿತು.

ಹಗಲಿನಲ್ಲಿ ಕೋಯಿಕ್ಕೋಡು, ಹುಬ್ಬಳ್ಳಿ, ಬೆಂಗಳೂರು ಸಲೀಸಾಗಿ ಸಿಗುತ್ತಿವೆ. ಇಷ್ಟು ತಗ್ಗಿನ ತಂತಿ ಸಿಗ್ನಲನ್ನು ಹೆಚ್ಚಾಗಿ ನೇರ ಆಕಾಶಕ್ಕೇ ಎಸೆಯುತ್ತದಂತೆ, ಅದು ಮೇಲಿನ ವಾಯುಪದರದಿಂದ ಮರಳಿ ಸುತ್ತಮುತ್ತಲೇ ಇಳಿಯುತ್ತದೆ, ಆದ್ದರಿಂದ ಹತ್ತಿರದವರೇ ಹೆಚ್ಚು. ನನಗೆ ಬೇಕಾದದ್ದೂ ಹತ್ತಿರದವರೇ.

ಗುಡುಗು ಅವರೇ, ಕೇಬಲ್ ದಿನವೂ ಕಳಚಿಡುತ್ತಿದ್ದೇನೆ. ಜೂನಿನಲ್ಲಿ ಹೆಂಚು ಚೆನ್ನಾಗಿ ನೆನೆದ ಮೇಲೆ ಮತ್ತೆ ಅಳೆದು ಅಂಕಿ ಹಾಕುತ್ತೇನೆ. ಅಷ್ಟರೊಳಗೆ ಒಂದು ಉಪಪ್ರಶ್ನೆ: ರೇಡಿಯೊದಿಂದ ಆ್ಯಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್ಲಿನ ಹೊರಸಿಪ್ಪೆಯನ್ನು ಇಲಿ ಒಂದು ಗೇಣು ಕೆರೆದಿದೆ. ಕಬ್ಬಿಣದ ಪೈಪಿನಲ್ಲಿ ತೂರಿಸಿದರೆ ತಂತಿಗೆ ತೊಂದರೆಯೇ, ಪಿವಿಸಿಯನ್ನು ಇಲಿ ಬಿಡುತ್ತದೆಯೇ?