ಕಖೇತಿಯ ಮನೆ ವೈನ್ ಸೋವಿಯತ್ ಕಾಲದಲ್ಲಿ ಉಳಿದದ್ದು ಹೇಗೆ?

ಪ್ರಶ್ನೆ: ಜಾರ್ಜಿಯಾ ದೇಶದ ಕಖೇತಿ ಪ್ರಾಂತ್ಯದ ಕೌಟುಂಬಿಕ ವೈನ್ ತಯಾರಿಕೆಯು, ಸರ್ಕಾರಿ ಕಾರ್ಖಾನೆಗಳದೇ ಕಾರುಬಾರಾಗಿದ್ದ ಸೋವಿಯತ್ ಆಳ್ವಿಕೆಯನ್ನು ದಾಟಿ ಬಂದದ್ದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ವ್ಯಾಪಾರವು ಸರ್ಕಾರದ ಕೈಸೇರಿದರೂ ಹಳ್ಳಿಯ ಕುಟುಂಬಗಳು ಮನೆಬಳಕೆಗೆ ವೈನ್ ಮಾಡುವುದನ್ನು ಬಿಡಲಿಲ್ಲ. ಒಳಮೈಗೆ ಜೇನುಮೇಣ ಸವರಿ, ಕತ್ತಿನವರೆಗೆ ನೆಲದಲ್ಲಿ ಹೂತ 'ಕ್ವೆವ್ರಿ' ಎಂಬ ಮಣ್ಣಿನ ಗುಡಾಣದಲ್ಲಿ ದ್ರಾಕ್ಷಾರಸವನ್ನು ಸಿಪ್ಪೆ, ಬೀಜ, ತೊಟ್ಟುಗಳ ಸಮೇತ ತುಂಬಿ, ಹುದುಗು ಇಳಿದ ಮೇಲೆ ಬಾಯಿ ಮುಚ್ಚಿ ವಸಂತದವರೆಗೆ ಬಿಡುವ ಈ ಕಸುಬನ್ನು ಮಕ್ಕಳು ಹಿರಿಯರ ಜೊತೆ ದುಡಿದೇ ಕಲಿತರು. ಪರಂಪರೆಯನ್ನು ನಿಜವಾಗಿ ಕಾಪಾಡಿದ್ದು ಇದೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಉತ್ತರ 2: 1985ರಲ್ಲಿ ಗೋರ್ಬಚೇವ್ ಆರಂಭಿಸಿದ ಮದ್ಯವಿರೋಧಿ ಆಂದೋಲನದಲ್ಲಿ ಅನೇಕ ದ್ರಾಕ್ಷಿ ತೋಟಗಳು ನಾಶವಾದ ನೋವನ್ನೂ ಮರೆಯಬಾರದು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ಆಮದನ್ನು ನಿಷೇಧಿಸಿದಾಗ ಬೇರೆ ಮಾರುಕಟ್ಟೆಗಳನ್ನು ಅರಸುವುದು ಅನಿವಾರ್ಯವಾಯಿತು.

ಉತ್ತರ 3: 2013ರಲ್ಲಿ ಯುನೆಸ್ಕೋ ಕ್ವೆವ್ರಿ ಪದ್ಧತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.