ವಕೀಲರ ಕೋವಿಗೆ ಮುಂದಿನ ತಾರೀಕು

ವಕೀಲರು ತಾತನ ಕಾಲದ, ಬಾಯಿಯಿಂದ ಮದ್ದು ತುಂಬಿ ಕೇಪು ಎಂಬ ಸಿಡಿಯುವ ಪುಟ್ಟ ಟೋಪಿ ಇಟ್ಟು ಹಾರಿಸುವ ಕೋವಿಯನ್ನು ಮೇಜಿನ ಮೇಲೆ ಮಲಗಿಸಿ, "ಮರ ಕಪ್ಪಿಟ್ಟಿದೆ. ಮರಳು ಕಾಗದ ಹಾಕಿ ಉಜ್ಜಿ, ಫಳಫಳ ಹೊಳೆಯುವ ವಾರ್ನಿಷ್ ಬಳಿದುಬಿಡೋಣ" ಎಂದರು.

ಬಡಗಿ ರಾಮಣ್ಣ ಮರಳು ಕಾಗದವನ್ನು ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡ. "ಮೊದಲು ಕೋವಿ ಖಾಲಿ ಇದೆಯೇ ಹೇಳಿ."

"ತಾತ ತೀರಿಕೊಂಡಾಗಿನಿಂದ ಖಾಲಿ."

"ಅವರನ್ನು ಸಾಕ್ಷಿಗೆ ಕರೆಸಲು ಆಗುವುದಿಲ್ಲವಲ್ಲ, ಸ್ವಾಮಿ!"

ರಾಮಣ್ಣ ಮದ್ದು ಜಡಿಯುವ ಉದ್ದ ಕೋಲನ್ನು, ಅಂದರೆ ಗಜವನ್ನು, ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲ್ ಗೆರೆ ಎಳೆದು, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದ. ಗಜದ ತುದಿ ಕೇಪು ಕೂರುವ ಜಾಗದವರೆಗೂ ಬಂತು. ಎರಡು ಬೆರಳು ಮುಂಚೆಯೇ ನಿಂತಿದ್ದರೆ ಒಳಗೆ ಮದ್ದುಗುಂಡು ಇರಬಹುದು ಎಂದೇ ತಿಳಿಯಬೇಕು. ಅಷ್ಟರಲ್ಲಿ ಮೇಷ್ಟರು ಬಾಗಿಲಾಚೆ ಸೇರಿದ್ದರು. ಅಪಾಯವಿಲ್ಲ ಎಂದು ತಿಳಿದ ಮೇಲೆ, "ಸ್ವಲ್ಪ ಗಾಳಿಗೆ ಹೋಗಿದ್ದೆ" ಎನ್ನುತ್ತಾ ಒಳಗೆ ಬಂದು ಸಲಹೆಯನ್ನೂ ಕೊಟ್ಟರು: "ಹೊಸ ಮರವನ್ನೇ ಹಾಕಿಸಿಬಿಡಿ."

"ಹಾಕಬಹುದು. ಚೆನ್ನಾಗಿ ಒಣಗಿದ ವಾಲ್‌ನಟ್ ಇಲ್ಲವೇ ಮೇಪಲ್ ಬೇಕು. ಕೈ ಹಿಡಿಯುವ ಸಣ್ಣ ಭಾಗದಲ್ಲಿ ಮರದ ನಾರು ನೇರವಾಗಿ ಓಡಿರಬೇಕು, ಅಡ್ಡವಾದರೆ ಅಲ್ಲೇ ಮುರಿಯುತ್ತದೆ. ಆಮೇಲೆ ನಳಿಗೆಗೆ ದೀಪದ ಮಸಿ ಬಳಿದು ಮರದಲ್ಲಿ ಕೂರಿಸಿ ಎತ್ತಬೇಕು. ಮಸಿ ಅಂಟಿದ ಕಡೆ ಉಳಿಯಿಂದ ಒಂದೆಳೆ ಕೆತ್ತಿ ಮತ್ತೆ ಕೂರಿಸಬೇಕು."

"ಎಷ್ಟು ಸಲ?"

"ಮಸಿ ಉದ್ದಕ್ಕೂ ಸಮನಾಗಿ ಅಂಟುವವರೆಗೆ."

ಮೇಷ್ಟರು ಸಲಹೆಯನ್ನು ಹಿಂತೆಗೆದುಕೊಂಡರು.

"ಹಾಗಾದರೆ ಹಳೆಯದನ್ನೇ ಉಜ್ಜೋಣ" ಎಂದರು ವಕೀಲರು, ರಾಮಣ್ಣನ ಜೇಬಿನ ಮೇಲೆ ಕಣ್ಣಿಟ್ಟು.

"ಉಜ್ಜಿದರೆ ಮರ ಸವೆಯುತ್ತದೆ, ಕಬ್ಬಿಣ ಸವೆಯುವುದಿಲ್ಲ. ಕೇಪಿಗೆ ಬಡಿಯುವ ಕುದುರೆಯ ಪಕ್ಕದ ಕಬ್ಬಿಣದ ಪಟ್ಟಿ ಉಬ್ಬು ಹಲ್ಲಿನ ಹಾಗೆ ಹೊರಗೆ ಬರುತ್ತದೆ. ಹಳೆಯ ಕೋವಿಯ ಬೆಲೆ ಬಲ್ಲವರು ಹುಡುಕುವುದೇ ಈ ಕಪ್ಪನ್ನು."

"ಮತ್ತೆ ಈ ತಗ್ಗು?"

"ಅಲ್ಲಿ ಮರ ಹೋಗಿಲ್ಲ, ನಾರು ಅದುಮಿಕೊಂಡಿದೆ ಅಷ್ಟೇ." ನಳಿಗೆ, ಕುದುರೆ ಎಲ್ಲವನ್ನೂ ಬಿಚ್ಚಿಟ್ಟು, ತಗ್ಗಿನ ಮೇಲೆ ಒದ್ದೆ ಬಟ್ಟೆ ಹಾಸಿ, ಕಾದ ಇಸ್ತ್ರಿಪೆಟ್ಟಿಗೆಯ ಮೂತಿ ತಾಗಿಸಿದ. ಚುಂಯ್ ಎಂದು ಹಬೆ ಎದ್ದಿತು. ಬಟ್ಟೆ ಸರಿಸಿದರೆ ಉಗುರು ಹೂತುಹೋಗುತ್ತಿದ್ದ ಗುಳಿ ಬೆರಳಿಗೂ ಸಿಗಲಿಲ್ಲ.

"ಕೋವಿಗೆ ಇಸ್ತ್ರಿ! ನನ್ನ ಕರಿಕೋಟಿಗೇ ಇಲ್ಲ" ಎಂದರು ವಕೀಲರು.

"ಇನ್ನು ಬೇಯಿಸಿದ ಅಗಸೆ ಎಣ್ಣೆ. ತೆಳ್ಳಗೆ ಹಚ್ಚಿ, ಅಂಗೈ ಬಿಸಿಯಾಗುವಷ್ಟು ತಿಕ್ಕಿ, ಮಿಕ್ಕಿದ್ದನ್ನು ಒರೆಸಬೇಕು. ವಾರವಿಡೀ ದಿನಕ್ಕೊಮ್ಮೆ, ತಿಂಗಳಿಡೀ ವಾರಕ್ಕೊಮ್ಮೆ, ವರ್ಷವಿಡೀ ತಿಂಗಳಿಗೊಮ್ಮೆ, ಆಮೇಲೆ ಬದುಕಿರುವವರೆಗೆ ವರ್ಷಕ್ಕೊಮ್ಮೆ ಎಂಬುದು ಹಿಂದಿನವರ ಲೆಕ್ಕ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿ ಹೀರಿ ಒಣಗುವಾಗ ಬಿಸಿ ಹೆಚ್ಚಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ."

ಮೇಷ್ಟರು ಮತ್ತೆ ಗಾಳಿಗೆ ಹೋದರು. ಖಾಲಿ ಕೋವಿಗಿಂತ ಒರೆಸುವ ಬಟ್ಟೆಗೆ ಹೆಚ್ಚು ಹೆದರಿದವರನ್ನು ನಾನು ಕಂಡದ್ದು ಅಂದೇ.

"ಮೊದಲ ಕೈ ಎಣ್ಣೆ ಇವತ್ತೇ ಹಚ್ಚೋಣವೇ?"

"ಸಾಧ್ಯವಿಲ್ಲ. ಹಬೆ ಕುಡಿದ ಮರ ಮೊದಲು ಪೂರ್ತಿ ಒಣಗಬೇಕು."

ವಕೀಲರು ಅಭ್ಯಾಸಬಲದಿಂದ ಡೈರಿ ತೆರೆದು, "ಹಾಗಾದರೆ ಮುಂದಿನ ತಾರೀಕು ಕೊಡಿ" ಎಂದರು.